ಗುಡ್ಡದ ಡಿಶ್‌ನಿಂದ ಮನೆಯ ವೈಫೈವರೆಗೆ: ಫಿಕ್ಸೆಡ್ ವೈರ್‌ಲೆಸ್ ಜಾಲ ಕಟ್ಟುವ ಬಗೆ

ಮಲೆನಾಡಿನ ಒಂಟಿ ಮನೆಗಳಿಗೆ ಫೈಬರ್ ಎಳೆಯುವವರ ಪಾಡು ನೋಡಿದವರಿಗೇ ಗೊತ್ತು. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಅರ್ಧ ಕಿಲೋಮೀಟರ್ ತೋಟ, ಒಂದು ಹಳ್ಳ, ಒಂದಿಷ್ಟು ಕಾಡು. ಜುಲೈ ಬಂತೆಂದರೆ ಮರ ಬೀಳುತ್ತದೆ, ಕೇಬಲ್ ಕಡಿಯುತ್ತದೆ. ಒಂದೇ ಮನೆಗಾಗಿ ಅಷ್ಟು ದೂರ ಎಳೆದು, ಮಳೆಗಾಲ ಪೂರ್ತಿ ಜೋಡಿಸುತ್ತಾ ಕೂರುವ ಲೆಕ್ಕ ಯಾರಿಗೂ ಹೊಂದುವುದಿಲ್ಲ. ಮೊಬೈಲ್ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಹಾಗಾದರೆ ಆ ಗುಡ್ಡದ ಮೇಲೇ ಒಂದು ರೇಡಿಯೊ ಇಟ್ಟು, ಅಲ್ಲಿಂದ ಅಂಗಳಕ್ಕೆ ಇಂಟರ್ನೆಟ್ ಇಳಿಸಬಹುದಲ್ವಾ? ಅದೇ ಫಿಕ್ಸೆಡ್ ವೈರ್‌ಲೆಸ್.

ಫಿಕ್ಸೆಡ್ ಎಂದರೆ ಎರಡೂ ತುದಿ ಅಲುಗಾಡುವುದಿಲ್ಲ. ಗುಡ್ಡದ ಆಂಟೆನಾ ಅಲ್ಲೇ, ಮನೆಯ ಡಿಶ್ ಇಲ್ಲೇ. ಮೊಬೈಲ್ ಟವರ್ ಎಲ್ಲ ದಿಕ್ಕಿಗೂ ಕೂಗುತ್ತಾ ನಿಮ್ಮನ್ನು ಹುಡುಕಬೇಕು. ಇಲ್ಲಿ ಇಬ್ಬರೂ ಮುಖಕ್ಕೆ ಮುಖ ಕೊಟ್ಟು ನಿಂತಿರುತ್ತಾರೆ. ಕಡಿಮೆ ಶಕ್ತಿಯಲ್ಲಿ ದೂರದ ಮಾತು ಸಾಧ್ಯವಾಗುವುದು ಅದರಿಂದಲೇ.

ಇದು ಎರಡು ಬಗೆಯಲ್ಲಿ ಬರುತ್ತದೆ. ಒಂದು, ದೊಡ್ಡ ಕಂಪನಿಗಳು ಹರಾಜಿನಲ್ಲಿ ಕೊಂಡ 5ಜಿ ತರಂಗಗಳ ಮೇಲೆ ಕೊಡುವುದು. ಏರ್‌ಟೆಲ್ ಮತ್ತು ಜಿಯೋ 2023ರಲ್ಲಿ ಶುರುಮಾಡಿದ ಏರ್‌ಫೈಬರ್ ಸೇವೆ ಈ ಜಾತಿಯದು. ಇನ್ನೊಂದು, ಲೈಸೆನ್ಸ್ ಬೇಡದ 5 ಗಿಗಾಹರ್ಟ್ಜ್ ತರಂಗಗಳ ಮೇಲೆ ನಡೆಯುವುದು. ಬಿಎಸ್‌ಎನ್‌ಎಲ್ ಸ್ಥಳೀಯ ಪಾಲುದಾರರ ಮೂಲಕ ಹಳ್ಳಿಗಳಿಗೆ ಕೊಡುವ ಏರ್ ಫೈಬರ್, ಸಣ್ಣ ಐಎಸ್‌ಪಿಗಳ (ಇಂಟರ್ನೆಟ್ ಕೊಡುವ ಕಂಪನಿಗಳ) ಡಿಶ್ ಕನೆಕ್ಷನ್ ಇದರಲ್ಲಿ ಬರುತ್ತವೆ. ಜಿಯೋ ಕೂಡ ಕೆಲವು ಕಡೆ ಈ ಎರಡನೆಯ ದಾರಿ ಹಿಡಿದಿದೆ. ಇಂಥ ರೇಡಿಯೊ ಮಾಡುವ ಮಿಮೋಸಾ ಎಂಬ ಅಮೆರಿಕದ ಕಂಪನಿಯನ್ನು 2023ರಲ್ಲಿ ಅದು ತನ್ನ ಅಂಗಸಂಸ್ಥೆಯ ಮೂಲಕ ಕೊಂಡುಕೊಂಡಿತು. ನಾನಿಲ್ಲಿ ಬರೆಯುತ್ತಿರುವುದು ಈ ಎರಡನೆಯ ಬಗೆಯ ಬಗ್ಗೆ. ನಾಲ್ಕು ಜನ ಸೇರಿದರೆ ಕೈ ಹಾಕಬಹುದಾದದ್ದು ಇದೇ.

ಲೆಕ್ಕಕ್ಕೆ ಒಂದು ಊರು ಇಟ್ಟುಕೊಳ್ಳೋಣ. ತೀರ್ಥಹಳ್ಳಿಯಂಥ ಒಂದು ಪೇಟೆ, ಅಲ್ಲಿಯವರೆಗೆ ಫೈಬರ್ ಬಂದಿದೆ. 8 ಕಿಲೋಮೀಟರ್ ದೂರದಲ್ಲಿ ಒಂದು ಗುಡ್ಡ. ಗುಡ್ಡದ ಸುತ್ತ 3 ಕಿಲೋಮೀಟರ್ ಒಳಗೆ 90 ಮನೆ.

ಜಾಲದ ಅಂಗಗಳು

ಅಬ್ಬಿ ನೀರು ನೆನಪಿಸಿಕೊಳ್ಳಿ. ಮೇಲೆ ಒರತೆ, ಅಲ್ಲಿಂದ ದೊಡ್ಡ ಪೈಪು, ನಡುವೆ ತೊಟ್ಟಿ, ತೊಟ್ಟಿಯಿಂದ ಮನೆಮನೆಗೆ ಸಣ್ಣ ಪೈಪು. ಈ ಜಾಲವೂ ಹೆಚ್ಚುಕಡಿಮೆ ಹಾಗೇ.

ಒರತೆ ಎಂದರೆ ದೊಡ್ಡ ಐಎಸ್‌ಪಿಯಿಂದ ಕೊಂಡ ಬ್ಯಾಂಡ್‌ವಿಡ್ತ್, ಅಂದರೆ ಒಂದು ಸೆಕೆಂಡಿಗೆ ಇಷ್ಟು ಡೇಟಾ ಎಂಬ ಸಾಮರ್ಥ್ಯ. ಅದು ಫೈಬರ್ ಮೇಲೆ ಪೇಟೆಯವರೆಗೆ ಬರುತ್ತದೆ. ಪೇಟೆಯಲ್ಲಿ ಒಂದು ಮುಖ್ಯ ರೂಟರ್. ಅಲ್ಲಿಂದ ಗುಡ್ಡಕ್ಕೆ ಡಿಶ್‌ಗೆ ಡಿಶ್ ಎದುರು ಬದುರು ನಿಂತ ಒಂದು ಜೋಡಿ. ಇದನ್ನು ಬ್ಯಾಕ್‌ಹಾಲ್ ಎನ್ನುತ್ತಾರೆ. ಗುಡ್ಡದ ಮೇಲೆ ಬೀಸಣಿಗೆಯಂತೆ ಹರಡುವ ಆಂಟೆನಾಗಳು, ಇವು ಸೆಕ್ಟರ್. 120 ಡಿಗ್ರಿಯವು ಮೂರು ಹಾಕಿದರೆ ಸುತ್ತಲೂ ಆವರಿಸುತ್ತವೆ. ಮನೆಯ ಹತ್ತಿರ ಸಣ್ಣ ಡಿಶ್, ಅದಕ್ಕೆ ಸಿಪಿಇ ಎಂದು ಹೆಸರು. ಅಲ್ಲಿಂದ ಒಂದು ಈಥರ್ನೆಟ್ ಕೇಬಲ್ ಒಳಗಿನ ಅಡಾಪ್ಟರ್‌ಗೆ, ಅಡಾಪ್ಟರ್‌ನಿಂದ ವೈಫೈ ರೂಟರ್‌ಗೆ. ಕರೆಂಟೂ ಡೇಟಾವೂ ಅದೇ ಕೇಬಲ್‌ನಲ್ಲಿ ಹೋಗುತ್ತವೆ.

ಹೊಸಬರು ಮೊದಲು ಮಾಡುವ ಗೊಂದಲ ಇಲ್ಲೇ. ಗುಡ್ಡದಿಂದ ಬರುವುದು ನಿಮ್ಮ ಫೋನಿಗೆ ಸಿಗುವ ವೈಫೈ ಅಲ್ಲ. ಹೊರಗಿನ ಡಿಶ್ಶೇ ಬೇರೆ, ಒಳಗಿನ ವೈಫೈಯೇ ಬೇರೆ. ಮಣ್ಣಿನ ಗೋಡೆಯ ಮನೆಯಲ್ಲಿ ಅಡುಗೆಮನೆಗೆ ವೈಫೈ ಸಿಗದಿದ್ದರೆ ಅದು ಗುಡ್ಡದ ತಪ್ಪಲ್ಲ.

ಹೆಜ್ಜೆ 1: ಮನೆಯಿಂದ ಶುರುಮಾಡಿ

ಜಾಲ ಹರಿಯುವುದು ಪೇಟೆಯಿಂದ ಮನೆಗೆ. ಯೋಜನೆ ಮಾಡಬೇಕಾದ್ದು ಮಾತ್ರ ಮನೆಯಿಂದ ಪೇಟೆಗೆ. ಎಷ್ಟು ಮನೆ, ಯಾವ ಮನೆಗೆ ಯಾವ ಗುಡ್ಡ ಕಾಣುತ್ತದೆ, ಮೊದಲು ಇದನ್ನು ಬರೆದುಕೊಳ್ಳಿ. ಗುಡ್ಡ ಆರಿಸಿದ ಮೇಲೆ ಮನೆ ಹುಡುಕುತ್ತಾ ಹೋದರೆ ದುಡ್ಡು ಹಾಳು.

ಗೂಗಲ್ ಅರ್ಥ್‌ನಲ್ಲಿ ಮನೆಯಿಂದ ಗುಡ್ಡಕ್ಕೆ ಗೆರೆ ಎಳೆದರೆ ನಡುವಿನ ಏರಿಳಿತ ತೋರಿಸುತ್ತದೆ. ಆದರೆ ಅದು ನೆಲದ ಎತ್ತರ. ಮರ ಅದರಲ್ಲಿಲ್ಲ. ನಮ್ಮ ಕಡೆ ಅಡ್ಡ ಬರುವುದು ನೆಲಕ್ಕಿಂತ ಹೆಚ್ಚಾಗಿ ಅಡಿಕೆ ಮರವೇ. ಅದಕ್ಕೆ ಜಾಗದಲ್ಲೇ ನಿಂತು ನೋಡಬೇಕು. ಅಡಿಕೆ ಕೊಯ್ಯುವ ಉದ್ದದ ದೋಟಿ ಇದ್ದರೆ ತುದಿಗೆ ಕೆಂಪು ಬಟ್ಟೆ ಕಟ್ಟಿ ಎತ್ತಿ ಹಿಡಿಯಲು ಹೇಳಿ. ಗುಡ್ಡದ ಮೇಲಿನವರು ದುರ್ಬೀನಿನಲ್ಲಿ ನೋಡಲಿ. ಕರೆಂಟಿನ ತಂತಿ ಹತ್ತಿರವಿರುವ ಕಡೆ ಮಾತ್ರ ಈ ಸಾಹಸ ಬೇಡ.

ಡಿಶ್ ಮನೆಯ ಮೇಲೇ ಇರಬೇಕೆಂದು ಹಟ ಹಿಡಿಯಬೇಡಿ. ಹೆಂಚಿನ ಮಾಡು ಹತ್ತಿದರೆ ನಾಲ್ಕು ಹೆಂಚು ಒಡೆದು, ಮನೆಯವರ ಬೈಗುಳ ತಿಂದು ಇಳಿಯುತ್ತೀರಿ. ಅಡಿಕೆ ಒಣಗಿಸುವ ಅಂಗಳ ಇದೆಯಲ್ಲ, ಅದು ಬಿಸಿಲಿಗಾಗಿ ತೆರೆದಿಟ್ಟ ಜಾಗ. ಅದರ ಅಂಚಿನಲ್ಲಿ ಒಂದು ಜಿಐ ಪೈಪು ನೆಟ್ಟರೆ ಎಷ್ಟೋ ಸಲ ಮಾಡಿಗಿಂತ ಒಳ್ಳೆಯ ನೋಟ ಸಿಗುತ್ತದೆ. ಅಡಾಪ್ಟರ್‌ನಿಂದ ಡಿಶ್‌ವರೆಗಿನ ಕೇಬಲ್ 100 ಮೀಟರ್ ಒಳಗಿದ್ದರೆ ಸಾಕು.

ಹೆಜ್ಜೆ 2: ಕಣ್ಣಿಗೆ ಕಂಡರೆ ಸಾಲದು

ಗುಡ್ಡ ಕಂಡಿತು, ಆದರೂ ಲಿಂಕ್ ಸರಿಯಾಗಿ ನಿಲ್ಲುತ್ತಿಲ್ಲ. ಹೀಗಾಗುವುದು ಫ್ರೆನೆಲ್ ವಲಯ ಎಂಬುದರಿಂದ. ರೇಡಿಯೊ ಅಲೆ ದಾರದಂತೆ ಹೋಗುವುದಿಲ್ಲ. ನಡುವೆ ಸೌತೆಕಾಯಿಯಂತೆ ಉಬ್ಬಿಕೊಳ್ಳುತ್ತದೆ. ಆ ಉಬ್ಬಿನೊಳಗೆ ಮರ, ದಿಣ್ಣೆ ಬಂದರೆ ಸಿಗ್ನಲ್ ಕುಗ್ಗುತ್ತದೆ.

ಉಬ್ಬು ಎಷ್ಟು? ದೂರವನ್ನು ಕಿಲೋಮೀಟರ್‌ನಲ್ಲಿ, ಆವರ್ತನವನ್ನು ಗಿಗಾಹರ್ಟ್ಜ್‌ನಲ್ಲಿ ತೆಗೆದುಕೊಳ್ಳಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ವರ್ಗಮೂಲ ತೆಗೆದು, 8.66ರಿಂದ ಗುಣಿಸಿ. ನಟ್ಟನಡುವಿನ ತ್ರಿಜ್ಯ ಮೀಟರ್‌ಗಳಲ್ಲಿ ಬರುತ್ತದೆ. ನಮ್ಮ 8 ಕಿಲೋಮೀಟರ್ ಬ್ಯಾಕ್‌ಹಾಲ್‌ಗೆ 5.8 ಗಿಗಾಹರ್ಟ್ಜ್‌ನಲ್ಲಿ ಸುಮಾರು 10 ಮೀಟರ್. ಅದರಲ್ಲಿ ನೂರಕ್ಕೆ ಕನಿಷ್ಠ 60 ಭಾಗ, ಅಂದರೆ 6 ಮೀಟರ್ ಖಾಲಿ ಇರಬೇಕು. ಭೂಮಿಯ ಉಬ್ಬಿಗೆ ಇನ್ನೊಂದು ಮೀಟರ್ ಸೇರಿಸಿ. ಅಂದರೆ ನೋಟದ ಗೆರೆಯ ಕೆಳಗೆ 7 ಮೀಟರ್ ತನಕ ಯಾವ ಮರದ ತುದಿಯೂ ಇರಬಾರದು. ಮರ ಬೆಳೆಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಈಗ ಸರಿಯಿರುವ ಅಕೇಶಿಯಾ ನೆಡುತೋಪು ಮೂರು ವರ್ಷದಲ್ಲಿ ನಿಮ್ಮ ದಾರಿಗೆ ಅಡ್ಡ ನಿಂತಿರುತ್ತದೆ.

ಮಳೆ ಬಂದರೆ ನೆಟ್ ಹೋಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. 5 ಗಿಗಾಹರ್ಟ್ಜ್‌ನಲ್ಲಿ ಮಳೆಯ ಹನಿ ಅಷ್ಟಾಗಿ ಕಾಡುವುದಿಲ್ಲ. ಜಡಿಮಳೆಯಲ್ಲೂ ಇಷ್ಟು ದೂರಕ್ಕೆ ಸಾಮಾನ್ಯವಾಗಿ ಒಂದೆರಡು ಡಿಬಿ (ಸಿಗ್ನಲ್‌ನ ಏರಿಳಿತ ಹೇಳುವ ಅಳತೆ) ಹೋದೀತು. 10 ಗಿಗಾಹರ್ಟ್ಜ್ ದಾಟಿದ ಮೇಲೆ ಮಳೆಯ ಕಾಟ ಜೋರು. ನಮ್ಮಲ್ಲಿ ತೊಂದರೆ ಕೊಡುವುದು ಒದ್ದೆ ಎಲೆ. ಬೇಸಿಗೆಯಲ್ಲಿ ಹೇಗೋ ಎಲೆಗಳ ನಡುವೆ ನುಸುಳುತ್ತಿದ್ದ ಲಿಂಕ್, ಎಲೆ ನೀರು ಕುಡಿದ ಮೇಲೆ ಸತ್ತೇ ಹೋಗುತ್ತದೆ. ಏಪ್ರಿಲ್‌ನಲ್ಲಿ ಪರೀಕ್ಷೆ ಮಾಡಿ ಜೂನ್‌ನಲ್ಲಿ ಅಳುವವರ ಕಥೆ ಇದೇ.

ಹೆಜ್ಜೆ 3: ಗುಡ್ಡ ಆರಿಸುವುದು

ಅತಿ ಎತ್ತರದ ಗುಡ್ಡವೇ ಒಳ್ಳೆಯದು ಎಂಬ ನಂಬಿಕೆ ಇದೆ. ನಾನು ಒಪ್ಪುವುದಿಲ್ಲ. ಎತ್ತರದ ಗುಡ್ಡಕ್ಕೆ ಎಲ್ಲವೂ ಕಾಣುತ್ತದೆ, ನಿಜ. ಹಾಗೆಯೇ ಎಲ್ಲರ ಗದ್ದಲವೂ ಕೇಳುತ್ತದೆ. ಮೂವತ್ತು ಕಿಲೋಮೀಟರ್ ಆಚೆಯ ಪೇಟೆಯಲ್ಲಿ ಇದೇ 5 ಗಿಗಾಹರ್ಟ್ಜ್‌ನಲ್ಲಿ ಮಾತಾಡುವ ರೇಡಿಯೊಗಳೆಲ್ಲ ನಿಮ್ಮ ಸೆಕ್ಟರ್‌ನ ಕಿವಿಗೆ ಬೀಳುತ್ತವೆ. ಜಾತ್ರೆಯ ನಡುವೆ ನಿಂತು ಪಿಸುಮಾತು ಕೇಳಿಸಿಕೊಂಡ ಹಾಗೆ. ಸುತ್ತಲಿನ ಮನೆಗಳಿಗೆ ಕಾಣುವಷ್ಟು ಎತ್ತರ, ಹಿಂದೆ ಇನ್ನೊಂದು ದೊಡ್ಡ ಗುಡ್ಡದ ಮರೆ, ರಸ್ತೆ ಮತ್ತು ಕರೆಂಟು ಹತ್ತಿರ: ಇಂಥ ನಡುಗುಡ್ಡ ಸಿಕ್ಕರೆ ಬಿಡಬೇಡಿ. ಜಾಗ ಅರಣ್ಯ ಇಲಾಖೆಯದೋ, ಖಾಸಗಿಯದೋ ಎಂದು ಪಹಣಿ ನೋಡಿಯೇ ಕಂಬ ನೆಡಿ.

ಹೆಜ್ಜೆ 4: ಸಿಗ್ನಲ್ ಲೆಕ್ಕ

ಇದಕ್ಕೆ ಕೂಡಿಸು ಕಳೆ ಸಾಕು. ಶಕ್ತಿಯನ್ನು ಡಿಬಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮನೆಗೆ ತಲುಪುವ ಸಿಗ್ನಲ್ ಯಾವಾಗಲೂ ಮೈನಸ್ ಅಂಕೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 60 ಚೆನ್ನ, ಮೈನಸ್ 65 ಪರವಾಗಿಲ್ಲ, ಮೈನಸ್ 75 ಆದರೆ ಕೈಮುಗಿಯಿರಿ.

ಗಾಳಿಯಲ್ಲಿ 5.8 ಗಿಗಾಹರ್ಟ್ಜ್ ಸಿಗ್ನಲ್ ಮೊದಲ ಒಂದು ಕಿಲೋಮೀಟರ್‌ಗೆ ಸುಮಾರು 108 ಡಿಬಿ ಕಳೆದುಕೊಳ್ಳುತ್ತದೆ. ಆಮೇಲೆ ದೂರ ಎರಡು ಪಟ್ಟಾದಾಗಲೆಲ್ಲ ಇನ್ನೊಂದು 6 ಡಿಬಿ. 8 ಕಿಲೋಮೀಟರ್ ಎಂದರೆ ಮೂರು ಸಲ ದುಪ್ಪಟ್ಟು. 108ಕ್ಕೆ 18 ಸೇರಿಸಿ, 126.

ಈಗ ನಿಯಮ. ಭಾರತದಲ್ಲಿ 2018ರ ಅಧಿಸೂಚನೆಯಿಂದ 5 ಗಿಗಾಹರ್ಟ್ಜ್ ಪಟ್ಟಿಯ ಒಟ್ಟು 605 ಮೆಗಾಹರ್ಟ್ಜ್ ಲೈಸೆನ್ಸ್ ಇಲ್ಲದೆ ಬಳಸಲು ಸಿಕ್ಕಿದೆ. ಹಾಗೆಂದು ಎಷ್ಟು ಬೇಕಾದರೂ ಕೂಗುವ ಹಾಗಿಲ್ಲ. 5725ರಿಂದ 5875 ಮೆಗಾಹರ್ಟ್ಜ್‌ವರೆಗಿನ ಭಾಗದಲ್ಲಿ ಆಂಟೆನಾದ ಗೇನ್ (ಶಕ್ತಿಯನ್ನು ಒಂದೇ ದಿಕ್ಕಿಗೆ ಒಟ್ಟುಮಾಡುವುದರಿಂದ ಸಿಗುವ ಬಲ, ಅದರ ಅಳತೆ ಡಿಬಿಐ) ಕೂಡ ಸೇರಿ 36 ಡಿಬಿಎಂ, ಅಂದರೆ 4 ವ್ಯಾಟ್ ಮಿತಿ. ನಡುವಿನ ಭಾಗಗಳಲ್ಲಿ ಮಿತಿ ಇನ್ನೂ ಕಡಿಮೆ, 30 ಡಿಬಿಎಂ. ಉಪಕರಣಕ್ಕೆ ಇಟಿಎ ಎಂಬ ಅನುಮೋದನೆ ಇರಬೇಕು, ಕೊಳ್ಳುವಾಗ ಕೇಳಿ.

36ರಲ್ಲಿ 126 ಕಳೆಯಿರಿ, ಮೈನಸ್ 90. ಎದುರಿಗೆ 30 ಡಿಬಿಐ ಡಿಶ್ ಇಟ್ಟರೆ 30 ವಾಪಸ್ ಸಿಗುತ್ತದೆ, ಮೈನಸ್ 60. ಬ್ಯಾಕ್‌ಹಾಲ್ ಗೆದ್ದಿತು. ಇಲ್ಲೊಂದು ಸೂಕ್ಷ್ಮ ಇದೆ. ಡಿಶ್ ದೊಡ್ಡದಾದಂತೆ ರೇಡಿಯೊದ ಶಕ್ತಿಯನ್ನು ಇಳಿಸಬೇಕು, ಇಲ್ಲದಿದ್ದರೆ ಮಿತಿ ದಾಟುತ್ತದೆ. ಹಾಗಾದರೆ ದೊಡ್ಡ ಡಿಶ್ ಯಾಕೆ? ಕೇಳಿಸಿಕೊಳ್ಳುವುದಕ್ಕೆ. ಕೇಳುವುದಕ್ಕೆ ಯಾವ ಮಿತಿಯೂ ಇಲ್ಲ. ಜೊತೆಗೆ ಅಕ್ಕಪಕ್ಕದ ಗದ್ದಲವೂ ಕಿವಿಗೆ ಬೀಳುವುದಿಲ್ಲ. ಅದಕ್ಕೇ ಮನೆಯ ಡಿಶ್‌ಗೂ ಸ್ವಲ್ಪ ಜಾಸ್ತಿ ದುಡ್ಡು ಹಾಕಿ ಎನ್ನುತ್ತೇನೆ.

ಸೆಕ್ಟರ್‌ನದು ನೀವೇ ಮಾಡಿ ನೋಡಿ. 30 ಡಿಬಿಎಂ, 3 ಕಿಲೋಮೀಟರ್‌ಗೆ 117 ಡಿಬಿ ನಷ್ಟ, ಮನೆಯಲ್ಲಿ 23 ಡಿಬಿಐ ಡಿಶ್. ಮೈನಸ್ 64 ಬರಬೇಕು.

ಬ್ಯಾಕ್‌ಹಾಲ್‌ಗೂ ಸೆಕ್ಟರ್‌ಗಳಿಗೂ ಬೇರೆ ಬೇರೆ ಚಾನೆಲ್, ಅಂದರೆ ತರಂಗಪಟ್ಟಿಯ ಬೇರೆ ಬೇರೆ ತುಂಡು, ಕೊಡಬೇಕು. ಒಂದೇ ಕಂಬದ ಮೇಲೆ ಕೂತವರು ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡಿದರೆ ಯಾರಿಗೂ ಕೇಳುವುದಿಲ್ಲ.

ಹೆಜ್ಜೆ 5: ಪಾಲು ಹಂಚುವುದು

ಅಬ್ಬಿ ನೀರಿನ ಹೋಲಿಕೆ ಇಲ್ಲಿ ತಪ್ಪುತ್ತದೆ. ಜಾಲಗಳು ಸೋಲುವ ಜಾಗವೂ ಇದೇ, ಆದ್ದರಿಂದ ನಿಧಾನವಾಗಿ ಓದಿ.

ನೀರಾದರೆ ಸಣ್ಣ ನಲ್ಲಿಯವರು ಕಡಿಮೆ ನೀರು ತೆಗೆದುಕೊಳ್ಳುತ್ತಾರೆ, ಉಳಿದವರಿಗೆ ತೊಂದರೆ ಇಲ್ಲ. ಸೆಕ್ಟರ್‌ನಲ್ಲಿ ಹಂಚುವುದು ಡೇಟಾ ಅಲ್ಲ, ಸಮಯ. ಒಂದು ಹೊತ್ತಿನಲ್ಲಿ ಒಂದು ಮನೆಯ ಜೊತೆ ಮಾತ್ರ ಮಾತು. ಸಿಗ್ನಲ್ ಚೆನ್ನಾಗಿರುವ ಮನೆ ಬೇಗ ಬೇಗ ಮಾತಾಡಿ ಮುಗಿಸುತ್ತದೆ. ಸಿಗ್ನಲ್ ಬಡವಾದ ಮನೆಗೆ ಬಿಡಿಸಿ ಬಿಡಿಸಿ ಹೇಳಬೇಕು. ಚೆನ್ನಾಗಿರುವ ಮನೆ 256 ಕ್ಯೂಎಎಂ ಎಂಬ ಪದ್ಧತಿಯಲ್ಲಿ ಒಂದು ಸಲಕ್ಕೆ 6.67 ಬಿಟ್ ಒಯ್ದರೆ, ತೀರಾ ಕೆಳಗಿನ ಕ್ಯೂಪಿಎಸ್‌ಕೆಯಲ್ಲಿರುವ ಮನೆ ಒಯ್ಯುವುದು ಒಂದೇ ಬಿಟ್. ಒಂದೇ ಸಿನಿಮಾ ನೋಡಲು ಆ ಮನೆ ಆರೂವರೆ ಪಟ್ಟಿಗಿಂತ ಹೆಚ್ಚು ಸಮಯ ತಿನ್ನುತ್ತದೆ. ಅಂದರೆ ಮರದ ಮರೆಯಲ್ಲಿರುವ ಒಬ್ಬ ನೆಂಟನಿಗೆ ದಾಕ್ಷಿಣ್ಯಕ್ಕೆ ಕನೆಕ್ಷನ್ ಕೊಟ್ಟರೆ, ಆ ಸೆಕ್ಟರ್‌ನ ಎಲ್ಲರಿಗೂ ಶಿಕ್ಷೆ. ನೇರ ನೋಟ ಇಲ್ಲದ ಮನೆಗೆ ಇಲ್ಲ ಎನ್ನಿ. ಇಲ್ಲವೇ ಪಕ್ಕದ ಮನೆಯಿಂದ ಕೇಬಲ್ ಎಳೆಯಿರಿ.

ಇನ್ನೊಂದು ತೊಡಕು. ಮಾಮೂಲಿ ವೈಫೈಯಲ್ಲಿ ಎಲ್ಲರೂ ಮೊದಲು ಕಿವಿಗೊಟ್ಟು, ಬೇರೆ ಯಾರೂ ಮಾತಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಮಾತಾಡುತ್ತಾರೆ. ಆದರೆ ಗುಡ್ಡದ ಆ ಬದಿಯ ಮನೆಗೆ ಈ ಬದಿಯ ಮನೆ ಕೇಳುವುದೇ ಇಲ್ಲ. ಇಬ್ಬರೂ ಒಟ್ಟಿಗೆ ಕೂಗಿ, ಗುಡ್ಡಕ್ಕೆ ಯಾರದೂ ಅರ್ಥವಾಗುವುದಿಲ್ಲ. ಅದಕ್ಕೇ ಈ ಕೆಲಸದ ರೇಡಿಯೊಗಳಲ್ಲಿ ಟಿಡಿಎಂಎ ಇರುತ್ತದೆ. ಮೇಷ್ಟ್ರು ಹೆಸರು ಕರೆದಾಗ ಮಾತ್ರ ಉತ್ತರಿಸುವ ಪದ್ಧತಿ. ಯುಬಿಕ್ವಿಟಿ, ಕೇಂಬಿಯಂ, ಮೈಕ್ರೊಟಿಕ್ ಎಲ್ಲದರಲ್ಲೂ ಇದರ ಒಂದೊಂದು ರೂಪ ಇದೆ. ಆದರೆ ಒಬ್ಬರ ಪದ್ಧತಿ ಇನ್ನೊಬ್ಬರಿಗೆ ತಿಳಿಯದು. ಒಂದು ಸೆಕ್ಟರ್‌ಗೆ ಒಂದೇ ಕಂಪನಿಯ ಡಿಶ್ ಹಾಕಿ.

ಈಗ ಲೆಕ್ಕ. ಒಂದು ಸೆಕ್ಟರ್‌ಗೆ 30 ಮನೆ. ಎಲ್ಲರಿಗೂ 50 ಎಂಬಿಪಿಎಸ್ ಪ್ಲಾನ್ ಮಾರಿದರೆ ಕಾಗದದ ಮೇಲೆ 1500. ಅಷ್ಟು ಯಾವ ಸೆಕ್ಟರ್‌ಗೂ ಇಲ್ಲ. 40 ಮೆಗಾಹರ್ಟ್ಜ್ ಚಾನೆಲ್‌ನಲ್ಲಿ ಒಳ್ಳೆಯ ಮನೆ, ಕೆಟ್ಟ ಮನೆ ಸೇರಿ ಕೈಗೆ ಸಿಗುವುದು 120 ಎಂಬಿಪಿಎಸ್ ಎಂದಿಟ್ಟುಕೊಳ್ಳಿ. ಹಾಗಂತ ಮೋಸ ಅಲ್ಲ. ಎಲ್ಲರೂ ಒಂದೇ ಕ್ಷಣ ಪೂರ್ತಿ ಎಳೆಯುವುದಿಲ್ಲ. ರಾತ್ರಿ ಎಂಟರಿಂದ ಹತ್ತರ ನಡುವೆ, ಜನ ಜಾಸ್ತಿ ಇರುವ ಹೊತ್ತಿಗೆ, ಮನೆಗೆ ಸರಾಸರಿ 3 ಎಂಬಿಪಿಎಸ್ ಹಿಡಿದು ನಾನು ಲೆಕ್ಕ ಹಾಕುತ್ತೇನೆ. 30 ಮನೆಗೆ 90. ಸೆಕ್ಟರ್ ತಾಳುತ್ತದೆ. 45 ಮನೆ ತುಂಬಿದರೆ 135, ಅಲ್ಲಿಗೆ ಸಂಜೆಯ ಜಗಳ ಶುರು.

ಮೂರು ಸೆಕ್ಟರ್ ಸೇರಿ 270. ಬ್ಯಾಕ್‌ಹಾಲ್ ಅಷ್ಟನ್ನು ಹೊರಬೇಕು. 80 ಮೆಗಾಹರ್ಟ್ಜ್ ಚಾನೆಲ್, ಮೈನಸ್ 60 ಸಿಗ್ನಲ್ ಇದ್ದರೆ ಹೊರುತ್ತದೆ. ಈ ಗುಡ್ಡದಿಂದ ಮುಂದಿನ ಗುಡ್ಡಕ್ಕೆ ಇನ್ನೊಂದು ಜೋಡಿ ಹಾಕುವ ಆಸೆ ಇದ್ದರೆ, ಆ ಗುಡ್ಡದ ಮನೆಗಳ ಭಾರವೂ ಇದೇ ಬ್ಯಾಕ್‌ಹಾಲ್ ಮೇಲೆ ಬೀಳುತ್ತದೆ ಎಂಬುದು ನೆನಪಿರಲಿ. ಕೊಂಡ ಬ್ಯಾಂಡ್‌ವಿಡ್ತ್ ಕೂಡ 300ಕ್ಕೆ ಕಡಿಮೆ ಇರಬಾರದು.

ಹೆಜ್ಜೆ 6: ಪೇಟೆಯ ರೂಟರ್

ಚಂದಾದಾರರ ಲಾಗಿನ್, ವೇಗದ ಮಿತಿ, ಬಿಲ್ಲು ಎಲ್ಲ ಇಲ್ಲಿ. ಮನೆಯ ರೂಟರ್‌ನಲ್ಲಿ ಹಾಕುವ ಪಿಪಿಪಿಒಇ (ಜಾಲಕ್ಕೆ ಲಾಗಿನ್ ಆಗುವ ಪದ್ಧತಿ) ಹೆಸರು, ಪಾಸ್‌ವರ್ಡ್ ಈ ರೂಟರ್‌ಗೆ ಬಂದು, ಚಂದಾದಾರರ ಪಟ್ಟಿ ಇರುವ ರೇಡಿಯಸ್ ಸರ್ವರ್‌ನಲ್ಲಿ ತಾಳೆಯಾಗುತ್ತದೆ.

ಪ್ರತಿ ಮನೆಗೂ ಸಾರ್ವಜನಿಕ ಐಪಿ ವಿಳಾಸ ಕೊಡುವಷ್ಟು ವಿಳಾಸ ಸಣ್ಣವರ ಬಳಿ ಇರುವುದಿಲ್ಲ. ಹತ್ತಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತಾರೆ. ನಿಮ್ಮ ರೂಟರ್‌ನ ವ್ಯಾನ್ (ಹೊರಜಾಲದ ಕಡೆಯ) ವಿಳಾಸ 100.64ರಿಂದ 100.127ರ ನಡುವೆ ಶುರುವಾದರೆ ನೀವೂ ಆ ಗುಂಪಿನಲ್ಲಿದ್ದೀರಿ. ಅಂಗಳದ ಸಿಸಿಟಿವಿಯನ್ನು ಬೆಂಗಳೂರಿನಿಂದ ನೇರವಾಗಿ ತೆರೆಯಲು ಆಗದಿರುವುದು ಇದರಿಂದ. ಕಂಪನಿಯ ಕ್ಲೌಡ್ ಮೂಲಕ ಹೋಗುವ ಕ್ಯಾಮೆರಾ ಕೊಂಡರೆ ಆ ತಲೆನೋವಿಲ್ಲ.

ಇಡೀ ಜಾಲವನ್ನು ಒಂದೇ ಸ್ವಿಚ್‌ನಂತೆ ಕಟ್ಟಬೇಡಿ. ಯಾರೋ ಒಬ್ಬರು ಮನೆ ರೂಟರ್‌ನ ಕೇಬಲನ್ನು ತಪ್ಪು ತೂತಿಗೆ ಚುಚ್ಚುತ್ತಾರೆ. ಆ ರೂಟರ್ ಪಕ್ಕದ ಮನೆಗಳಿಗೆಲ್ಲ ತಾನೇ ಐಪಿ ಹಂಚಲು ಶುರುಮಾಡುತ್ತದೆ. ಒಂದು ಕಣಿವೆಯ ನೆಟ್ ಪೂರ್ತಿ ಹೋದಾಗ ಹೀಗೆಯೇ ಅರ್ಧ ದಿನ ಗುಡ್ಡ ಹತ್ತಿ ಇಳಿದು ಹುಡುಕಿದ್ದೇವೆ. ತಪ್ಪು ಒಂದು ಮನೆಯ ಟಿವಿ ಸ್ಟ್ಯಾಂಡಿನ ಹಿಂದಿತ್ತು. ಗ್ರಾಹಕರನ್ನು ಒಬ್ಬರಿಂದೊಬ್ಬರಿಗೆ ಬೇರೆ ಮಾಡುವ ಐಸೋಲೇಶನ್ ಆನ್ ಮಾಡಿ.

ತರಂಗಕ್ಕೆ ಲೈಸೆನ್ಸ್ ಬೇಡ ಎಂದರೆ ಇಂಟರ್ನೆಟ್ ಮಾರಲೂ ಬೇಡ ಎಂದಲ್ಲ. ಅದಕ್ಕೆ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಊರ ಮಟ್ಟದಲ್ಲಿ ಅನುಮತಿ ಇರುವ ಐಎಸ್‌ಪಿಯ ಪಾಲುದಾರರಾಗುವುದು ಸುಲಭ. ಯಾರದೋ ಮನೆಯ ಫೈಬರ್ ಕನೆಕ್ಷನ್ ತಂದು ಹಂಚಿ ದುಡ್ಡು ವಸೂಲಿ ಮಾಡಿದರೆ ಸಿಕ್ಕಿಬೀಳುತ್ತೀರಿ.

ಹೆಜ್ಜೆ 7: ಗುಡ್ಡದ ಕರೆಂಟು ಮತ್ತು ಸಿಡಿಲು

ಒಂದು ಬ್ಯಾಕ್‌ಹಾಲ್, ಮೂರು ಸೆಕ್ಟರ್, ಒಂದು ಸ್ವಿಚ್. ತಲಾ 10 ವ್ಯಾಟ್ ಎಂದರೆ 50 ವ್ಯಾಟ್. ಐದಾರು ಎಲ್‌ಇಡಿ ಬಲ್ಬಿನಷ್ಟು. ಆದರೆ 24 ಗಂಟೆಗೆ 1200 ವ್ಯಾಟ್ ಅವರ್. ಮನೆ ಇನ್ವರ್ಟರ್‌ಗೆ ಹಾಕುವ 12 ವೋಲ್ಟ್, 150 ಎಎಚ್ ಬ್ಯಾಟರಿ ಎರಡಿಟ್ಟರೆ 3600 ವ್ಯಾಟ್ ಅವರ್. ಅದರಲ್ಲಿ ಅರ್ಧ ಮಾತ್ರ ಬಳಸಬೇಕು, ಇಲ್ಲದಿದ್ದರೆ ಬ್ಯಾಟರಿ ಬೇಗ ಸಾಯುತ್ತದೆ. ಅಂದರೆ ಒಂದೂವರೆ ದಿನ. ಮಳೆಗಾಲದಲ್ಲಿ ಕಂಬ ಬಿದ್ದರೆ ನಮ್ಮಲ್ಲಿ ಮೂರು ದಿನ ಕರೆಂಟು ಬರುವುದಿಲ್ಲ. ಸೋಲಾರ್ ಹಾಕಿದ್ದೇವಲ್ಲ ಎನ್ನಬೇಡಿ. ಕರೆಂಟು ಹೋಗುವ ದಿನಗಳಲ್ಲೇ ಬಿಸಿಲೂ ಇರುವುದಿಲ್ಲ. ಬ್ಯಾಟರಿಯನ್ನು ದುಪ್ಪಟ್ಟು ಮಾಡಿ, ಇಲ್ಲವೇ ಸಣ್ಣ ಜನರೇಟರ್ ಹೊತ್ತು ಹತ್ತಲು ದಾರಿ ಇಟ್ಟುಕೊಳ್ಳಿ.

ಸಿಡಿಲಿನ ಕಾಟ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ. ನೇರವಾಗಿ ಹೊಡೆದರೆ ಏನೂ ಉಳಿಯುವುದಿಲ್ಲ. ಆದರೆ ಹೆಚ್ಚು ಸಲ ಸುಡುವುದು ಹತ್ತಿರ ಬಿದ್ದ ಸಿಡಿಲಿನಿಂದ ಕೇಬಲ್‌ನಲ್ಲಿ ಏಳುವ ಸರ್ಜ್‌ನಿಂದ. ಶೀಲ್ಡ್ ಇರುವ ಕೇಬಲ್, ಎರಡೂ ತುದಿಗೆ ಸರ್ಜ್ ಪ್ರೊಟೆಕ್ಟರ್, ಕಂಬಕ್ಕೆ ಸರಿಯಾದ ಅರ್ಥಿಂಗ್. ಜಂಬಿಟ್ಟಿಗೆ ಕಲ್ಲಿನ ಗುಡ್ಡದಲ್ಲಿ ಬೇಸಿಗೆಗೆ ನೆಲ ಒಣಗಿ ಅರ್ಥಿಂಗ್ ಸತ್ತಿರುತ್ತದೆ. ಮಾರ್ಚ್‌ನಲ್ಲೇ ಅಳೆಸಿ ನೋಡಿ.

ಹೆಜ್ಜೆ 8: ನೆಟ್ ನಿಧಾನವಾದಾಗ

ಅಂಗಾಂಗ ಗೊತ್ತಿದ್ದರೆ ರೋಗ ಹುಡುಕುವುದು ಸುಲಭ. ಲ್ಯಾಪ್‌ಟಾಪ್‌ನಿಂದ ಮೂರು ಕಡೆಗೆ ಪಿಂಗ್ ಮಾಡಿ, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತು ನೋಡಿ.

ಮೊದಲು ಮನೆಯ ರೂಟರ್‌ಗೆ, ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಇಲ್ಲೇ 50 ಮಿಲಿಸೆಕೆಂಡ್ ಎದ್ದು ಬಿದ್ದು ಮಾಡುತ್ತಿದ್ದರೆ ತೊಂದರೆ ವೈಫೈಯದು. ಕೇಬಲ್ ಚುಚ್ಚಿ ಮತ್ತೆ ನೋಡಿ. ಎರಡನೆಯದು ಪೇಟೆಯ ಗೇಟ್‌ವೇಗೆ, ಅಂದರೆ ಅಲ್ಲಿನ ಮುಖ್ಯ ರೂಟರ್‌ಗೆ. ರೂಟರ್‌ನ ಪಿಪಿಪಿಒಇ ಪುಟದಲ್ಲಿ ಆ ವಿಳಾಸ ಇರುತ್ತದೆ. ಬೆಳಿಗ್ಗೆ 10 ಮಿಲಿಸೆಕೆಂಡ್ ಇದ್ದದ್ದು ರಾತ್ರಿ 150 ಆದರೆ ಸೆಕ್ಟರ್ ಅಥವಾ ಬ್ಯಾಕ್‌ಹಾಲ್ ತುಂಬಿದೆ. ದಿನವಿಡೀ ಕೆಟ್ಟದಾಗಿದ್ದರೆ ನಿಮ್ಮ ಡಿಶ್ ತಿರುಗಿದೆ, ಇಲ್ಲವೇ ಮರ ಬೆಳೆದಿದೆ. ಮೂರನೆಯದು ಗೂಗಲ್‌ನ ಸರ್ವರ್ ಆದ 8.8.8.8ಕ್ಕೆ. ಮೊದಲೆರಡು ಚೆನ್ನಾಗಿದ್ದು ಇದೊಂದೇ ಕೆಟ್ಟರೆ ಗುಡ್ಡವನ್ನು ಬೈಯಬೇಡಿ, ತೊಂದರೆ ಪೇಟೆಯಿಂದಾಚೆಗೆ ಇದೆ.

ಡಿಶ್ ಕೂರಿಸಿದ ದಿನ ಸಿಗ್ನಲ್ ಎಷ್ಟಿತ್ತು, ಯಾವ ತಾರೀಖು ಎಂದು ಅಡಾಪ್ಟರ್‌ನ ಮೈಮೇಲೆ ಮಾರ್ಕರ್‌ನಲ್ಲಿ ಬರೆದಿಡಿ. ಕಾಗದದಲ್ಲಿ ಬರೆದರೆ ಕಳೆದುಹೋಗುತ್ತದೆ. ಮುಂದಿನ ಆಗಸ್ಟ್‌ನಲ್ಲಿ ಮನೆಯವರು ಫೋನ್ ಮಾಡಿ ನಿಧಾನ ಎಂದಾಗ, ಆ ಅಂಕೆ ಓದಿ ಎಂದು ಹೇಳಿ. ಅಡಾಪ್ಟರ್ ಮೇಲೆ ಮೈನಸ್ 63 ಇದ್ದು, ಈಗ ಸ್ಕ್ರೀನಿನಲ್ಲಿ ಮೈನಸ್ 72 ಕಂಡರೆ, ಏಣಿಗಿಂತ ಮೊದಲು ಕತ್ತಿ ಹಿಡಿದು ಹೊರಡಿ.